ಕೂಸಿನ ಮೈಮೇಲೆ ಗುಳ್ಳೆ: ಏನು ಹಚ್ಚಬೇಕು, ಏನು ಹಚ್ಚಬಾರದು?



ಸಂಘದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ, ಕೂಸು ಎತ್ತಿಕೊಂಡು ಬಂದ ತಾಯಂದಿರು ಮತ್ತೆ ಮತ್ತೆ ಕೇಳುವ ಮಾತು ಒಂದೇ: "ಅಕ್ಕಾ, ಕೂಸಿನ ಮೈಮ್ಯಾಲ ಗುಳ್ಳಿ ಎದ್ದಾವ, ಏನ್ ಹಚ್ಚಬೇಕ್ರಿ?" ಒಬ್ಬರು ಅರಿಶಿಣ ಅಂತಾರೆ, ಇನ್ನೊಬ್ಬರು ಬೇವಿನ ತಪ್ಪಲ ಅಂತಾರೆ, ಮತ್ತೊಬ್ಬರು ಮೆಡಿಕಲ್ ಅಂಗಡಿಯ ಟ್ಯೂಬು ಅಂತಾರೆ.

ಕೂಸಿನ ಚರ್ಮ ನಮ್ಮ ಚರ್ಮದ ಹಾಗಲ್ಲ. ಅದು ಬಹಳ ತೆಳು. ಮೇಲೆ ಹಚ್ಚಿದ್ದು ಬೇಗನೆ ಮೈಯೊಳಗೆ ಇಳಿಯುತ್ತದೆ. ಅದಕ್ಕೇ ಮೊದಲು ಹಚ್ಚುವುದಲ್ಲ, ಮೊದಲು ನೋಡುವುದು. ಹುಟ್ಟಿದ ಎರಡು-ಮೂರನೇ ದಿನ ಮೈಮೇಲೆ ಏಳುವ ಕೆಂಪು ಮಚ್ಚೆ, ಮೂಗಿನ ಮೇಲಿನ ಬಿಳಿ ಚುಕ್ಕೆ, ಕುಂಡಿಯ ಮೇಲಿನ ನೀಲಿ ಕಲೆ ರೋಗವಲ್ಲ. ಮಚ್ಚೆ, ಚುಕ್ಕೆ ಕೆಲವು ದಿನ ಇಲ್ಲವೇ ವಾರಗಳಲ್ಲಿ ಹೋಗುತ್ತವೆ, ನೀಲಿ ಕಲೆಗೆ ಕೆಲವು ವರ್ಷ ಬೇಕು. ಇವಕ್ಕೆ ಏನೂ ಹಚ್ಚಬ್ಯಾಡ್ರಿ.

1. ಬೆವರುಗುಳ್ಳೆ

ನಮ್ಮ ಯಾದಗಿರಿ, ಶಹಾಪುರ, ಸುರಪುರ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಅಂಥದರಲ್ಲಿಯೂ ಬಾಣಂತಿ ಕೋಣೆಯ ಕಿಟಕಿ ಮುಚ್ಚಿ, ಕೂಸಿಗೆ ಕುಂಚಗಿ ಕಟ್ಟಿ, ಮೇಲೆ ದುಪಟಿ ಹೊಚ್ಚುತ್ತೇವೆ. ಆಗ ಕುತ್ತಿಗೆ, ಬೆನ್ನು, ಕಂಕುಳಲ್ಲಿ ಸಣ್ಣ ಕೆಂಪು ಗುಳ್ಳೆಗಳು ಏಳುತ್ತವೆ. ಇದಕ್ಕೆ ಔಷಧಿ ಎಂದರೆ ತಂಪು ಮತ್ತು ಗಾಳಿ. ತೆಳುವಾದ ಹತ್ತಿ ಬಟ್ಟೆ ಹಾಕಿ, ಉಗುರು ಬೆಚ್ಚಗಿನ ನೀರಿನಲ್ಲಿ ಮೈ ತೊಳೆದು ಒತ್ತಿ ಒರೆಸಿ. ಗುಳ್ಳೆ ಇರುವ ಕಡೆ ಎಣ್ಣೆ ಬೇಡ, ಬೆವರಿನ ದಾರಿ ಇನ್ನಷ್ಟು ಮುಚ್ಚುತ್ತದೆ. ಪೌಡರ್ ಸಹ ಬೇಡ, ಅದು ಕೂಸಿನ ಉಸಿರಿನೊಳಗೆ ಹೋಗುತ್ತದೆ.

"ಕೂಸಿಗೆ ಥಂಡಿ ಆಗ್ತದ" ಎಂದು ಹಿರಿಯರು ಹೇಳುವುದರಲ್ಲಿ ಅರ್ಥವಿದೆ. ಹೊಸದಾಗಿ ಹುಟ್ಟಿದ, ತೂಕ ಕಡಿಮೆ ಇರುವ ಕೂಸಿಗೆ ಬೆಚ್ಚಗೆ ಬೇಕೇ ಬೇಕು. ಎಷ್ಟು ಬೇಕೆಂದು ತಿಳಿಯಲು ಕೂಸಿನ ಕುತ್ತಿಗೆಯ ಹಿಂದೆ ಕೈಯಿಟ್ಟು ನೋಡಿ. ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ, ತಣ್ಣಗಿದ್ದರೆ ಒಂದು ಹೊಚ್ಚಿರಿ.

2. ಲಂಗೋಟಿ ಕಟ್ಟುವ ಜಾಗ ಕೆಂಪಾಗುವುದು

ಉಚ್ಚೆ, ಕಕ್ಕ ಬಹಳ ಹೊತ್ತು ಚರ್ಮಕ್ಕೆ ತಾಗಿದರೆ ಹೀಗಾಗುತ್ತದೆ. ಹಸಿ ಬಟ್ಟೆ ತಕ್ಷಣ ಬದಲಿಸಿ, ಬರೀ ನೀರಿನಲ್ಲಿ ತೊಳೆದು, ತಿಕ್ಕದೆ ಒತ್ತಿ ಒರೆಸಿ. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಹೊತ್ತು ಲಂಗೋಟಿ ಇಲ್ಲದೆ ಗಾಳಿಗೆ ಬಿಡಿ. ಆಮೇಲೆ ಶುದ್ಧ ಕೊಬ್ಬರಿ ಎಣ್ಣೆ ತೆಳ್ಳಗೆ ಸವರಬಹುದು. ಲಂಗೋಟಿಗಳ ಸಾಬೂನು ಪೂರ್ತಿ ಹೋಗುವಂತೆ ಜಾಲಿಸಿ ಬಿಸಿಲಿಗೆ ಒಣಗಿಸಿ. ಮೂರು ದಿನದಲ್ಲಿ ಕಡಿಮೆಯಾಗದಿದ್ದರೆ, ತೊಡೆಯ ಸಂದಿನಲ್ಲಿ ಕೆಂಪು ಚುಕ್ಕೆ ಹರಡಿದರೆ, ಬಾಯಲ್ಲಿ ಬಿಳಿ ಪದರ ಕಂಡರೆ ಅದು ಬೂಷ್ಟು ರೋಗ ಇರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೋರಿಸಿ.

3. ತಲೆಯ ಹಕ್ಕಳೆ ಮತ್ತು ಒಣ ಚರ್ಮ

ತಲೆಯ ಮೇಲೆ ಹಳದಿ ಹಕ್ಕಳೆ ಕಟ್ಟಿದರೆ ಉಗುರಿನಿಂದ ಕೀಳಬ್ಯಾಡ್ರಿ. ಕೊಬ್ಬರಿ ಎಣ್ಣೆ ಹಚ್ಚಿ, ಅರ್ಧ ತಾಸು ಬಿಟ್ಟು, ಮೆತ್ತನೆ ಬಟ್ಟೆಯಿಂದ ಸವರಿ ತೊಳೆಯಿರಿ. ಕೆಲವು ವಾರ ಇಲ್ಲವೇ ತಿಂಗಳುಗಳಲ್ಲಿ ತಾನೇ ಹೋಗುತ್ತದೆ. ಮೈ ಒಣಗಿದ್ದರೆ ಸ್ನಾನವಾದ ಕೂಡಲೇ ಅದೇ ಎಣ್ಣೆ ತೆಳ್ಳಗೆ ಹಚ್ಚಿ. ಕಡಲೆಹಿಟ್ಟಿನಿಂದ ಗಸಗಸ ತಿಕ್ಕಿದರೆ ಬಣ್ಣ ಬರುವುದಿಲ್ಲ, ಚರ್ಮ ಸುಲಿಯುತ್ತದೆ. ಮೂಗು, ಕಿವಿಯೊಳಗೆ ಎಣ್ಣೆ ಬಿಡಬೇಡಿ.

4. ಹುರುಕು (ತುರಿಕಜ್ಜಿ)

ಇದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ ಬರುತ್ತದೆ. ರಾತ್ರಿ ತುರಿಕೆ ಹೆಚ್ಚು. ಕೂಸಿಗೆ ಅಂಗೈ, ಅಂಗಾಲಿನಲ್ಲಿಯೂ ಗುಳ್ಳೆ ಬರುತ್ತವೆ. ಅರಿಶಿಣ, ಬೇವಿನ ನೀರಿನ ಮೇಲೆ ಭರವಸೆ ಇಟ್ಟು ಕೂಡಬೇಡಿ. ವೈದ್ಯರು ಕೊಡುವ ಮುಲಾಮನ್ನು ಮನೆಯವರೆಲ್ಲರೂ ಒಂದೇ ದಿನ ಹಚ್ಚಬೇಕು. ಒಬ್ಬರು ಬಿಟ್ಟರೂ ಮತ್ತೆ ಎಲ್ಲರಿಗೂ ಬರುತ್ತದೆ. ಹಾಸಿಗೆ, ಬಟ್ಟೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ಎರಡು ತಿಂಗಳೊಳಗಿನ ಕೂಸಿಗೆ ವೈದ್ಯರನ್ನು ಕೇಳದೆ ಏನೂ ಹಚ್ಚಬಾರದು.

ಇವುಗಳನ್ನು ಮಾಡಲೇಬೇಡಿ

- ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕೂಸಿಗೆ ಹಚ್ಚಬೇಡಿ. ಕರ್ಪೂರ ಕೂಸಿಗೆ ವಿಷ, ಫಿಟ್ಸ್ ಬರಬಹುದು.
- ಬೇವಿನ ಎಣ್ಣೆಯನ್ನು ಒಂದು ಹನಿಯೂ ಕುಡಿಸಬೇಡಿ. ಇದರಿಂದಲೂ ಫಿಟ್ಸ್ ಬಂದು ಜೀವಕ್ಕೆ ಅಪಾಯವಾಗುತ್ತದೆ.
- ಹೊಕ್ಕಳಿಗೆ ಅರಿಶಿಣ, ಬೂದಿ, ಎಣ್ಣೆ ಹಚ್ಚಬೇಡಿ. ಒಣಗಲು ಬಿಡಿ.
- ಚೀಟಿ ಇಲ್ಲದೆ ಅಂಗಡಿಯಿಂದ ಟ್ಯೂಬು ತಂದು ಹಚ್ಚಬೇಡಿ. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಎರಡು ದಿನ ವಾಸಿಯಾದಂತೆ ಕಂಡು, ಆಮೇಲೆ ಚರ್ಮ ತೆಳುವಾಗಿ ರೋಗ ಹೆಚ್ಚುತ್ತದೆ.
- ಹತ್ತಿ ಹೊಲಕ್ಕೆ ಔಷಧ ಹೊಡೆದು ಬಂದವರು ಕೈಕಾಲು ತೊಳೆದು, ಸೀರೆ ಬದಲಿಸದೆ ಕೂಸನ್ನು ಎತ್ತಿಕೊಳ್ಳಬಾರದು.
- ಬರೆ ಹಾಕಿಸಬೇಡಿ. ಹೊಟ್ಟೆ ಉಬ್ಬಿದರೆ, ಜ್ವರ ಬಂದರೆ, ಮೈ ಹಳದಿಯಾದರೆ ಸೂಜಿ, ಊದಿನಕಡ್ಡಿ ಕಾಸಿ ಬರೆ ಎಳೆಸುವುದು ಉತ್ತರ ಕರ್ನಾಟಕದಲ್ಲಿ ಇನ್ನೂ ನಿಂತಿಲ್ಲ. ಬರೆಯಿಂದ ಒಳಗಿನ ರೋಗ ಹೋಗುವುದಿಲ್ಲ. ಸುಟ್ಟ ಗಾಯ ಕೀವಾಗಿ ನಂಜು ರಕ್ತಕ್ಕೆ ಏರುತ್ತದೆ. "ಬರೆ ಹಾಕೀವಿ, ನಾಳೆ ನೋಡೋಣು" ಎಂದು ಕಾಯುವ ಆ ಒಂದು ದಿನವೇ ಕೂಸಿನ ಜೀವ ಉಳಿಸಬಹುದಾದ ದಿನ.

ಕಾಯದೆ ಆಸ್ಪತ್ರೆಗೆ ಒಯ್ಯಬೇಕಾದ ಲಕ್ಷಣಗಳು

ಎರಡು ತಿಂಗಳೊಳಗಿನ ಕೂಸಿಗೆ ಕೀವುಗುಳ್ಳೆ ಅಥವಾ ಜ್ವರ; ಹೊಕ್ಕಳ ಸುತ್ತ ಕೆಂಪು, ಕೀವು, ವಾಸನೆ; ಅಂಗೈ ಅಂಗಾಲು ಹಳದಿ; ಮೊಲೆ ಕುಡಿಯದಿರುವುದು; ಮೈ ತಣ್ಣಗಾಗಿ ಮಂಕಾಗಿರುವುದು. ಇವುಗಳಲ್ಲಿ ಒಂದು ಕಂಡರೂ ಸಾಕು, ಹೊತ್ತು ನೋಡದೆ 108ಕ್ಕೆ ಫೋನ್ ಮಾಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಒಂದು ವರ್ಷದೊಳಗಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧಿ ಉಚಿತ. ಹೆರಿಗೆಯಾದ ಮೇಲೆ 3, 7, 14, 21, 28 ಮತ್ತು 42ನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು. ಆಗ ಕೂಸಿನ ಬಟ್ಟೆ ಬಿಚ್ಚಿ ಮೈಯೆಲ್ಲ ತೋರಿಸಿ, ನಾಚಿಕೆ ಬೇಡ.

ಸಂಘ ಏನು ಮಾಡಬಹುದು?

ಮನೆಯಲ್ಲಿ ಸೊಸೆಯ ಮಾತು ನಡೆಯದೆ ಇರಬಹುದು. "ಅತ್ತೀ, ದವಾಖಾನಿಗೆ ಹೋಗೂಣು" ಎನ್ನಲು ಅವಳಿಗೆ ಧೈರ್ಯ ಸಾಲದು. ಅಂಥ ಹೊತ್ತಿನಲ್ಲಿ ಸಂಘದ ಇಬ್ಬರು ಸದಸ್ಯೆಯರು ಆ ಮನೆಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕುಳಿತು ಸಮಾಧಾನದಿಂದ ಹೇಳಿದರೆ ಕೆಲಸವಾಗುತ್ತದೆ. ರಾತ್ರಿ ಹೊತ್ತು ಕೈಯಲ್ಲಿ ರೊಕ್ಕ ಇಲ್ಲವೆಂದು ಯಾರೂ ನಿಲ್ಲಬಾರದು. ತುರ್ತು ಸಾಲಕ್ಕೆಂದು ಸಂಘದಲ್ಲಿ ಸ್ವಲ್ಪ ಹಣ ತೆಗೆದಿಡಲು ಠರಾವು ಮಾಡಿರಿ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಊರಿನಲ್ಲಿ ಕೂಸಿನ ಮೈಗೆ ಏನೇನು ಹಚ್ಚುತ್ತಾರೆ? ಅದರಲ್ಲಿ ಉಳಿಸಿಕೊಳ್ಳುವುದು ಯಾವುದು, ಬಿಡಬೇಕಾದ್ದು ಯಾವುದು?
2. ಬರೆ ಹಾಕುವುದು ನಮ್ಮ ಓಣಿಯಲ್ಲಿ ಇದೆಯೇ? ಅದನ್ನು ನಿಲ್ಲಿಸಲು ಯಾರ ಜೊತೆ ಮಾತನಾಡಬೇಕು?
3. ನಮ್ಮ ಸಂಘದಲ್ಲಿ ಈಗ ಯಾರ ಮನೆಯಲ್ಲಿ ಎಳೆಗೂಸು ಇದೆ? ಈ ವಾರ ಅಲ್ಲಿಗೆ ಯಾರು ಹೋಗಿ ಬರುತ್ತೀರಿ?