ಅಂಕಪಟ್ಟಿ ನಿಮ್ಮದು, ಸಹಿಯೂ ನಿಮ್ಮದು

ಡಿಗ್ರಿ ಮುಗಿಸಿ ಹಾವೇರಿಯಿಂದಲೋ ರಾಯಚೂರಿನಿಂದಲೋ ಬೆಂಗಳೂರಿಗೆ ಬಂದ ಹುಡುಗ ಹುಡುಗಿಯರು ಮೊದಲ ತಿಂಗಳಲ್ಲೇ ಹತ್ತಾರು ಕಡೆ ಸಹಿ ಹಾಕುತ್ತಾರೆ. ಕೆಲಸ ಸಿಕ್ಕ ಖುಷಿ ಒಂದು ಕಡೆ, ಎಚ್‌ಆರ್ ಎದುರಿಗೇ ಕೂತಿದ್ದಾರಲ್ಲ ಎಂಬ ಸಂಕೋಚ ಇನ್ನೊಂದು ಕಡೆ. ಹೀಗಿರುವಾಗ ಕಾಗದ ಓದುವವರು ಯಾರು? ಮುಂದಿನ ತಕರಾರುಗಳು ಬಹುಪಾಲು ಹುಟ್ಟುವುದು ಆ ಕಾಗದಗಳಿಂದಲೇ.

ಮೊದಲು ಅಂಕಪಟ್ಟಿಯ ವಿಷಯ. ಕೆಲವು ಸಂಸ್ಥೆಗಳು ಕೆಲಸಕ್ಕೆ ಸೇರುವ ದಿನವೇ ಎಸ್ಸೆಸ್ಸೆಲ್ಸಿಯಿಂದ ಡಿಗ್ರಿವರೆಗಿನ ಮೂಲ ಪ್ರತಿಗಳನ್ನು ಇಸಿದುಕೊಳ್ಳುತ್ತವೆ. ‘ವೆರಿಫಿಕೇಶನ್ ಆದ್ಮೇಲೆ ಕೊಡ್ತೀವಿ’ ಅನ್ನುತ್ತಾರೆ. ವರ್ಷ ಕಳೆದರೂ ಕೊಡುವುದಿಲ್ಲ. ಪರಿಶೀಲನೆಗೆ ಮೂಲ ಪ್ರತಿ ತೋರಿಸಿ, ತಪ್ಪಿಲ್ಲ. ಅದನ್ನು ಅಡವು ಇಟ್ಟುಕೊಳ್ಳುವ ಹಕ್ಕು ಮಾತ್ರ ಅವರಿಗಿಲ್ಲ. ಫೀಸು ಬಾಕಿಯಿದ್ದರೂ ವಕೀಲರು ಕಕ್ಷಿದಾರನ ಕಡತ ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ವಕೀಲರಿಗೇ ಇಲ್ಲದ ಅಧಿಕಾರ ಕಂಪನಿಗೆ ಎಲ್ಲಿಂದ ಬರಬೇಕು? ಕೊಡಲೇಬೇಕಾಗಿ ಬಂದರೆ ಯಾವ ಪ್ರತಿ, ಯಾವ ದಿನ, ಯಾವಾಗ ವಾಪಸ್ ಎಂದು ಬರೆದ ಸ್ವೀಕೃತಿ ಪತ್ರ ಪಡೆಯಿರಿ. ಡಿಜಿಲಾಕರ್‌ಗೆ ವಿಶ್ವವಿದ್ಯಾಲಯವೇ ನೀಡಿದ ಅಂಕಪಟ್ಟಿಗೆ ಕಾನೂನಿನಲ್ಲಿ ಮೂಲ ಪ್ರತಿಯಷ್ಟೇ ಬೆಲೆಯಿದೆ, ಅದನ್ನು ಮುಂದಿಡಬಹುದು.

ಇನ್ನು ಬಾಂಡ್. ‘ಕೋರ್ಟಿನಲ್ಲಿ ಬಾಂಡ್ ನಿಲ್ಲೋದೇ ಇಲ್ಲ, ಸಹಿ ಹಾಕು’ ಎಂದು ಗೆಳೆಯರು ಧೈರ್ಯ ಹೇಳುತ್ತಾರೆ. ಅದು ಅರ್ಧ ಸತ್ಯ. ಕೆಲಸ ಬಿಟ್ಟ ಮೇಲೆ ಬೇರೆ ಕಡೆ ದುಡಿಯಬಾರದು ಎಂಬ ಷರತ್ತು 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ ಸಾಮಾನ್ಯವಾಗಿ ಅನೂರ್ಜಿತ. ಇಷ್ಟು ವರ್ಷ ಇರಬೇಕು, ಇಲ್ಲದಿದ್ದರೆ ಇಷ್ಟು ಹಣ ಕಟ್ಟಬೇಕು ಎಂಬ ಷರತ್ತಿನ ಕಥೆ ಬೇರೆ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಟ್ಟು, ಷರತ್ತಿನಂತೆ 2 ಲಕ್ಷ ರೂಪಾಯಿ ಕಟ್ಟಿ, ಅದನ್ನು ಪ್ರಶ್ನಿಸಿದ್ದರು. ಕರ್ನಾಟಕ ಹೈಕೋರ್ಟ್ ಅವರ ಪರ ನಿಂತಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ ಷರತ್ತನ್ನು ಎತ್ತಿಹಿಡಿಯಿತು. ಸರ್ಕಾರಿ ಬ್ಯಾಂಕು ಬಹಿರಂಗ ನೇಮಕಾತಿಗೆ ಖರ್ಚು ಮಾಡಬೇಕಾಗುತ್ತದೆ, ಆ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ ಮೊತ್ತ ವಿಪರೀತವಲ್ಲ ಎಂಬುದು ಕೋರ್ಟಿನ ನಿಲುವು. ಹಾಗೆಂದು ಇಪ್ಪತ್ತು ಸಾವಿರ ಸಂಬಳದವನಿಗೆ ಐದು ಲಕ್ಷದ ಬಾಂಡ್ ಬರೆಸಿಕೊಂಡವರು ಪೂರ್ತಿ ಮೊತ್ತ ವಸೂಲು ಮಾಡಬಹುದು ಎಂದಲ್ಲ. ಅದೇ ಕರಾರು ಕಾಯ್ದೆಯ 74ನೇ ಕಲಮಿನಂತೆ ಸಿಗುವುದು ನ್ಯಾಯಯುತ ಪರಿಹಾರ ಮಾತ್ರ. ಬರೆದ ಮೊತ್ತ ಅದರ ಗರಿಷ್ಠ ಮಿತಿ. ಕೊಟ್ಟ ತರಬೇತಿ ಏನು, ಅದಕ್ಕೆ ತಗುಲಿದ ಖರ್ಚೆಷ್ಟು ಎಂಬ ಪ್ರಶ್ನೆಯನ್ನು ಸಹಿಗೆ ಮೊದಲೇ ಕೇಳಿ.

ಭದ್ರತೆಗೆಂದು ಸಹಿ ಹಾಕಿದ ಖಾಲಿ ಚೆಕ್ ಕೇಳಿದರೆ ಮಾತ್ರ ನನ್ನ ಸಲಹೆ ಒಂದೇ: ಕೊಡಬೇಡಿ. ಉಳಿದ ವಿವರ ಬೇರೆಯವರು ತುಂಬಿದ್ದರೂ, ಸಹಿ ಮಾಡಿ ಕೊಟ್ಟವರ ಮೇಲೆಯೇ ಹೊಣೆ ಬೀಳುತ್ತದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಸಾಲ ಇರಲಿಲ್ಲವೆಂದು ಸಾಬೀತುಪಡಿಸುವ ಕಷ್ಟ ನಿಮ್ಮದೇ.

2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರವನ್ನು ಕಡ್ಡಾಯ ಮಾಡಿವೆ. ರಾಜೀನಾಮೆ ಕೊಟ್ಟು ಹೊರಟವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕೆಂದೂ ವೇತನ ಸಂಹಿತೆಯಲ್ಲಿದೆ. ಪಿಎಫ್ ಖಾತೆಯ ಗುರುತಿನ ಸಂಖ್ಯೆಯಾದ ಯುಎಎನ್ 12 ಅಂಕಿಗಳದ್ದು, ಜೀವನಪೂರ್ತಿ ಒಂದೇ. ಕೆಲಸ ಬದಲಿಸಿದಾಗ ಹೊಸದು ಮಾಡಿಸಬೇಡಿ, ಹಣ ವರ್ಗಾಯಿಸಿಕೊಳ್ಳಿ. ಪೇಸ್ಲಿಪ್‌ನಲ್ಲಿ ಕಡಿತವಾದ ದುಡ್ಡು ಪಾಸ್‌ಬುಕ್‌ನಲ್ಲಿ ಕಾಣುತ್ತಿದೆಯೇ ಎಂದು ಆಗಾಗ ನೋಡಿ.

ಮನೆ ಬಾಡಿಗೆಯ ಅಗ್ರಿಮೆಂಟ್ ಏಕೆ ಯಾವಾಗಲೂ ಹನ್ನೊಂದು ತಿಂಗಳಿಗೆ? ಒಂದು ವರ್ಷಕ್ಕೆ ಮೀರಿದ ಬಾಡಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಓಡಾಟ, ಖರ್ಚು ತಪ್ಪಿಸುವ ಉಪಾಯವಿದು. ಅಡ್ವಾನ್ಸ್ ಎರಡು ತಿಂಗಳ ಬಾಡಿಗೆ ಮೀರಬಾರದೆಂದು ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಹೇಳುತ್ತದೆ. ಆದರೆ ಅದು ಮಾದರಿ ಮಾತ್ರ, ರಾಜ್ಯ ಅಳವಡಿಸಿಕೊಳ್ಳದೆ ಬೆಂಗಳೂರಿನ ಮಾಲೀಕರನ್ನು ಕಟ್ಟಿಹಾಕುವುದಿಲ್ಲ. ಆದ್ದರಿಂದ ಇಸ್ಟಾಂಪು ಕಾಗದದ ಮೇಲೆ ಬರೆದದ್ದೇ ನಿಮ್ಮ ಪಾಲಿನ ಕಾನೂನು. ಎರಡನೇ ಪುಟದಲ್ಲಿ ‘ಪೇಂಟಿಂಗ್ ಚಾರ್ಜ್: ಒಂದು ತಿಂಗಳ ಬಾಡಿಗೆ’ ಎಂಬ ಸಾಲು ಇರುತ್ತದೆ. ಮೂರೇ ತಿಂಗಳಿಗೆ ಬಿಟ್ಟರೂ ಅಷ್ಟೇ ಕಡಿತವೇ? ಆಗಲೇ ಕೇಳಿ, ಒಪ್ಪಿದ್ದನ್ನು ಬರೆಸಿ. ಅಡ್ವಾನ್ಸನ್ನು ಬ್ಯಾಂಕ್ ಮೂಲಕವೇ ಕೊಡಿ. ಒಳಹೋಗುವ ದಿನ ಗೋಡೆ, ನಲ್ಲಿ, ಮೀಟರ್‌ಗಳ ಫೋಟೊ ತೆಗೆದು ಮಾಲೀಕರಿಗೆ ವಾಟ್ಸಾಪ್ ಮಾಡಿ. ‘ಏನು ಸಾರ್, ನಂಬಿಕೆ ಇಲ್ವಾ?’ ಎಂದು ಅವರು ನಗಬಹುದು, ನಗಲಿ.

ವಿಳಾಸ ಬದಲಾದಾಗ ಮತದಾರರ ಪಟ್ಟಿಯನ್ನೂ ಮರೆಯಬೇಡಿ. ಪಿಜಿಯಲ್ಲಿದ್ದರೂ ವಾಸವಿರುವ ಕಡೆ ಮತದಾರರಾಗಬಹುದು. ಊರಲ್ಲಿ ಹೆಸರಿದ್ದರೆ ನಮೂನೆ 8ರಲ್ಲಿ ವರ್ಗಾವಣೆ ಕೇಳಿ; ಎರಡು ಕಡೆ ಹೆಸರಿರುವಂತಿಲ್ಲ.

ತಕರಾರು ಬಂದಾಗ ಲಾಯರ್ ಫೀಸಿಗೆ ಹೆದರಿ ಸುಮ್ಮನಾಗಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಒದಗಿಸುತ್ತದೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಅದರ ಕಚೇರಿಯಿದೆ, ಸಹಾಯವಾಣಿ 15100.