ಬಣ್ಣಕ್ಕಿಂತ ಮೊದಲು ತಗಡು ನೋಡಿ

ಕುಣಿಗಲ್ ಬಳಿ ನಿಮ್ಮ ಕಾರಿಗೆ ಹಿಂದಿನಿಂದ ಗುದ್ದಿದರೂ ಒಳಗಿದ್ದವರಿಗೆ ಪೆಟ್ಟಾಗಲಿಲ್ಲವಲ್ಲ, ಅದೇ ದೊಡ್ಡದು. ರಿಪೇರಿ ಗುಬ್ಬಿಯಲ್ಲೋ ತುಮಕೂರಿನಲ್ಲೋ ಎನ್ನುವುದಕ್ಕಿಂತ ಗ್ಯಾರೇಜಿನವರು ಯಾವ ಪೇಂಟ್ ಬಳಸುತ್ತಾರೆ ಎಂದು ಕೇಳಿ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಬೇಡವೇ ಬೇಡ. ಅಗ್ಗ, ಬೇಗ ಒಣಗುತ್ತದೆ ನಿಜ. ಆದರೆ ಬಿಸಿಲಿಗೆ ಹೊಳಪು ಹೋಗುತ್ತದೆ, ಪೆಟ್ರೋಲ್ ಚೆಲ್ಲಿದರೆ ಏಳುತ್ತದೆ. ನಿಮ್ಮದು ಮೆಟಾಲಿಕ್ ಸಿಲ್ವರ್. ಹಾಗಾಗಿ ಬೇಸ್ ಕೋಟ್ ಮೇಲೆ ಹಾರ್ಡನರ್ ಬೆರೆಸಿದ 2ಕೆ ಕ್ಲಿಯರ್ ಕೋಟ್ ಹೊಡೆಸಿ. ಹಾರ್ಡನರ್ ಅಳತೆ ಡಬ್ಬಿಯ ಮೇಲಿದ್ದಂತೆಯೇ ಇರಬೇಕು, ಅಂದಾಜು ಸಲ್ಲದು. ಪೇಂಟ್ ಕೋಡ್ ಒಂದನ್ನೇ ನಂಬಬೇಡಿ: ಬಿಸಿಲು ತಿಂದ ಹಳೆಯ ಬಣ್ಣಕ್ಕೆ ಹೊಸದು ಹೊಂದುವುದಿಲ್ಲ. ಮೊದಲು ಒಂದು ತುಂಡಿನ ಮೇಲೆ ಹೊಡೆಸಿ, ಹಗಲು ಬೆಳಕಿನಲ್ಲಿ ಕಾರಿಗೆ ಹಿಡಿದು ನೋಡಿ. ಸಿಲ್ವರ್‌ನಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಅದಕ್ಕೇ ಬಣ್ಣವನ್ನು ಪಕ್ಕದ ಪ್ಯಾನಲ್‌ಗೂ ತುಸು ಹರಡಿಸಿ.

ಎಂಥ ದುಬಾರಿ ಬಣ್ಣವೂ ದಪ್ಪ ಪುಟ್ಟಿಯ ಮೇಲೆ ನಿಲ್ಲದು. ತಗಡನ್ನು ಸರಿಯಾಗಿ ಎತ್ತಿಸಿ, ತುಕ್ಕು ತೆಗೆಸಿ, ಎಪಾಕ್ಸಿ ಪ್ರೈಮರ್ ಹಾಕಿಸಿ. ಪ್ಲಾಸ್ಟಿಕ್ ಬಂಪರ್‌ಗೆ ಬೇರೆಯೇ ಪ್ರೈಮರ್ ಇದೆ.

ವಿಮೆಯವರು ಸಾಮಾನ್ಯ ಪಾಲಿಸಿಯಲ್ಲಿ ಪೇಂಟ್ ಸಾಮಗ್ರಿಗೆ ಶೇ 50 ಸವಕಳಿ ಕಳೆಯುತ್ತಾರೆ. ಸಾಮಗ್ರಿ, ಕೂಲಿ ಎರಡನ್ನೂ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿ. ಸರ್ವೇಯರ್ ನೋಡುವ ಮೊದಲು ಕೆಲಸ ಶುರು ಮಾಡಿಸಬೇಡಿ.