ಮೊದಲ ದೃಶ್ಯಕ್ಕೆ ಕತ್ತರಿ ಹಾಕಬೇಡ

ತಮ್ಮಾ, ಹಗಲೆಲ್ಲ ಪುಣೆಯ ಮಗರಪಟ್ಟಾದಲ್ಲಿ ದುಡಿದು, ಸಂಜೆ ಹಡಪಸರದ ಈ ಟ್ರಾಫಿಕ್ಕಿನಲ್ಲಿ ನುಗ್ಗಿ ಬಂದು ‘ತುಘಲಕ್’ ತಾಲೀಮು ಮಾಡ್ತೀಯಲ್ಲ, ನಿನ್ನ ಹುರುಪು ನೋಡಿಯೇ ನನಗೆ ಹೊಟ್ಟೆ ತುಂಬುತ್ತದೆ. ಆದರೆ ಈ ಗಡಿಬಿಡಿ ಎಲ್ಲಿಂದ ಕಲಿತೆಯೋ! “ಅಜ್ಜಾ, ಮೊದಲ ದೃಶ್ಯ ಬರೀ ಮಂದಿಯ ಹರಟೆ, ಅರ್ಧ ತೆಗೆದುಬಿಡೋಣ” ಅಂದೆ. ವಿಧಿ ಬಂದು ಕೂತಿರುವುದು ಆ ಹರಟೆಯಲ್ಲೇ, ಮಾರಾಯ.

ವಿಧಿ ಅಂದರೆ ಗುಡುಗು, ಸಿಡಿಲು, ಕೆಂಪು ಲೈಟು ಅಂತ ನಿನ್ನ ಎಣಿಕೆ. ಕಾರ್ನಾಡರು 1964ರಲ್ಲಿ ಈ ನಾಟಕ ತಂದಾಗ ಅವರಿಗೂ ಹೆಚ್ಚುಕಡಿಮೆ ನಿನ್ನದೇ ವಯಸ್ಸು. ಆದರೆ ಅವರಿಗೆ ಆತುರವಿರಲಿಲ್ಲ. ದಿಲ್ಲಿಯ ನ್ಯಾಯಾಲಯದ ಮುಂದೆ ಒಬ್ಬ ಮುದುಕ ಗೊಣಗುತ್ತಾನೆ, ತರುಣನೊಬ್ಬ ಸುಲ್ತಾನನನ್ನು ಹೊಗಳುತ್ತಾನೆ. ಸುಲ್ತಾನ ಬಂದು, ಬಡ ಬ್ರಾಹ್ಮಣನೆದುರು ತಾನು ದಾವೆ ಸೋತದ್ದನ್ನು ಹೆಮ್ಮೆಯಿಂದ ಸಾರುತ್ತಾನೆ, ಅವನಿಗೆ ಹಣ, ನೌಕರಿ ಕೊಡುತ್ತಾನೆ. ಅದರ ಬೆನ್ನಿಗೇ ರಾಜಧಾನಿ ದೌಲತಾಬಾದಿಗೆ ಅನ್ನುತ್ತಾನೆ. ಮಂದಿ ಚದುರಿದ ಮೇಲೆ ಗೊತ್ತಾಗುತ್ತದೆ, ಆ ಬ್ರಾಹ್ಮಣ ಅಗಸರ ಅಜೀಜ್! ಕೊನೆಯ ದೃಶ್ಯದಲ್ಲಿ ಸುಲ್ತಾನನ ಎದುರು ನಿಲ್ಲುವವನೂ ಇವನೇ. ಇನ್ನು ಜ್ಯೋತಿಷಿ ಯಾಕೆ? ಒಳ್ಳೆಯದು ಮಾಡುವ ಅವಸರ, ಮಾಡಿದ್ದನ್ನು ಊರೆಲ್ಲ ನೋಡಲಿ ಎಂಬ ಚಪಲ, ಇಷ್ಟು ಸಾಕು ಸುಲ್ತಾನನ ಹಣೆಬರಹ ಓದಲು.

ವಿಧಿ ಹೀಗೆ ಮೊದಲ ದೃಶ್ಯದಲ್ಲೇ ಕೂರುವುದನ್ನು ಇನ್ನೊಮ್ಮೆ ನೋಡಬೇಕಾದರೆ ಲಂಕೇಶರು ಕನ್ನಡಕ್ಕೆ ತಂದ ಸೊಫೊಕ್ಲಿಸನ ‘ಈಡಿಪಸ್’ ಓದು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಬಯಲಿಗೆ ತಂದು ಆಡಿಸಿದ್ದು ಅದನ್ನೇ. ಊರಿಗೆ ಪಿಡುಗು ಬಡಿದಿದೆ. ಜನ ಬಂದು ಮೊರೆಯಿಡುವ ಮೊದಲೇ ದೊರೆ ಈಡಿಪಸ್ ಭಾವಮೈದುನನನ್ನು ದೈವವಾಣಿ ಕೇಳಲು ಡೆಲ್ಫಿಗೆ ಕಳಿಸಿದ್ದಾನೆ. ಅವನು ಮರಳಿ ಬಂದು, ಬೇಕಾದರೆ ಒಳಗೆ ಹೋಗಿ ಹೇಳುತ್ತೇನೆ ಅಂದರೆ, ಇಲ್ಲೇ ಎಲ್ಲರೆದುರು ಹೇಳು ಅನ್ನುತ್ತಾನೆ ದೊರೆ. ಹಿಂದಿನ ದೊರೆಯನ್ನು ಕೊಂದವನನ್ನು ಹಿಡಿದೇ ತೀರುವ ಪಣ ತೊಡುತ್ತಾನೆ. ಕೊಂದವನು ತಾನೇ, ಸತ್ತವನು ತನ್ನ ತಂದೆಯೇ. ತಂದೆಯನ್ನು ಕೊಲ್ಲುವನೆಂಬ ಭವಿಷ್ಯ ಹಳೆಯದು, ಸರಿ. ಅದನ್ನು ಬಯಲಿಗೆಳೆದ ಹಟ ಮಾತ್ರ ಅವನದೇ.

ನಮ್ಮ ಕಡೆ ಹೆಣ್ಣು ನೋಡಲು ಗಂಡಿನವರು ಬಂದಾಗ ಅಜ್ಜಿಯಂದಿರು ಹುಡುಗನ ಸಂಬಳ ಕೇಳುತ್ತಿರಲಿಲ್ಲ. ಚಪ್ಪಲಿ ಹೇಗೆ ಬಿಟ್ಟ, ಚಹಾ ತಂದವರ ಮುಖ ನೋಡಿದನೋ ಇಲ್ಲವೋ, ಇಷ್ಟು ಗಮನಿಸಿ ಮುಂದಿನ ಸಂಸಾರ ಹೇಳಿಬಿಡುತ್ತಿದ್ದರು. ಆ ಕಣ್ಣು ನಿನಗೂ ಬರಬೇಕು.

ಅದಕ್ಕೇ ಹೇಳೋದು, ಗೊಣಗುವ ಮುದುಕನ ಪಾತ್ರಕ್ಕೆ ಕೈಗೆ ಸಿಕ್ಕವರನ್ನು ಹಾಕಬೇಡ. ಅಜೀಜನನ್ನು ಗುಂಪಿನ ಹಿಂದೆ ಬಚ್ಚಿಡಬೇಡ. ದೌಲತಾಬಾದ್ ಇರುವುದು ಇದೇ ಮಹಾರಾಷ್ಟ್ರದಲ್ಲಿ. ಒಂದು ಭಾನುವಾರ ಹೋಗಿ ಆ ಕೋಟೆ ಹತ್ತಿ ಬಾ, ದಿಲ್ಲಿಯ ಜನ ಇಲ್ಲಿಯತನಕ ನಡೆದರು ಅಂದರೇನು ಎಂದು ನಿನ್ನ ಕಾಲಿಗೆ ತಿಳಿಯಲಿ. ಹೊತ್ತು ಉಳಿಸಲೇಬೇಕಾದರೆ ಸ್ವಾಗತ ಭಾಷಣ, ಶಾಲು-ಹಾರ ಕಡಿಮೆ ಮಾಡು. ಮೊದಲ ದೃಶ್ಯವನ್ನು ಇಡಿಯಾಗಿ ಆಡು.